ಸುಳಿಯ ನೀರು ಕುಡಿಯುವ ಹಲ್ಲಿ

ಮೇ ತಿಂಗಳ ಗಂಗಾವತಿಯಲ್ಲಿ ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಬಿಸಿ. ಅತ್ತೆಯ ಮನೆ ಹಿತ್ತಲಲ್ಲಿ ಮಾತ್ರ ಸ್ವಲ್ಪ ತಂಪು. ಮಾವಿನ ಮರದ ಕೆಳಗೆ ಹಸಿರು ಶೇಡ್ ನೆಟ್ ಕಟ್ಟಿ, ಅದರಡಿ ಸಾಲಾಗಿ ಬ್ರೊಮೆಲಿಯಾಡ್ ಎಂಬ ಅಲಂಕಾರಿಕ ಗಿಡಗಳ ಕುಂಡಗಳನ್ನು ಇಟ್ಟಿದ್ದಾರೆ. ಕೆಂಪು, ನೇರಳೆ, ಹಸಿರಿನ ಮೇಲೆ ಬಿಳಿ ಪಟ್ಟೆ. ದೂರದಿಂದ ನೋಡಿದರೆ ಎಲೆಗಳೇ ಹೂವು ಅನ್ನಿಸುತ್ತವೆ.

ಚೊಂಬು ಹಿಡಿದು ಬುಡಕ್ಕೆ ನೀರು ಹಾಕಲು ಹೋದೆ. "ಬುಡಕ್ಕ ಬ್ಯಾಡೋ ತಮ್ಮಾ, ಸುಳಿಗೆ ಹಾಕು" ಅಂದರು ಅತ್ತೆ. ಸುಳಿ ಕೊಳೆತರೆ ತೆಂಗಿನ ಮರವೇ ಹೋಯಿತು ಅಂತ ಕೇಳಿ ಬೆಳೆದ ನನಗೆ ಇದು ವಿಚಿತ್ರವಾಗಿ ಕಂಡಿತು.

ಆದರೆ ಈ ಗಿಡದ ಕಟ್ಟಡವೇ ಹಾಗಿದೆ. ಎಲೆಗಳ ಬುಡ ಒಂದಕ್ಕೊಂದು ಬಿಗಿಯಾಗಿ ಅಪ್ಪಿಕೊಂಡು ನಡುವೆ ಬಟ್ಟಲಾಗುತ್ತದೆ. ಮಳೆ ನೀರು, ಉದುರಿದ ಎಲೆ, ಸತ್ತ ಹುಳ ಎಲ್ಲಾ ಅದರಲ್ಲಿ ಸೇರುತ್ತವೆ. ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಆ ನೀರನ್ನೂ ಅದರಲ್ಲಿನ ಸತ್ವವನ್ನೂ ಹೀರುತ್ತವೆ. ಕಾಡಿನಲ್ಲಿ ಇಂಥ ಗಿಡಗಳು ಮರದ ಕೊಂಬೆ ಮೇಲೆ ಬೆಳೆಯುತ್ತವೆ. ಬೇರಿನ ಮುಖ್ಯ ಕೆಲಸ ಬೀಳದಂತೆ ಹಿಡಿದುಕೊಳ್ಳುವುದು, ಅಷ್ಟೇ.

ಈ ಕುಟುಂಬದಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿವೆ. ಪಶ್ಚಿಮ ಆಫ್ರಿಕಾದ ಒಂದೇ ಒಂದನ್ನು ಬಿಟ್ಟರೆ ಎಲ್ಲವೂ ಅಮೆರಿಕ ಖಂಡಗಳವು. ನಾವು ಉಪ್ಪು ಖಾರ ಹಚ್ಚಿ ತಿನ್ನುವ ಅನಾನಸ್ ಕೂಡ ಇದೇ ಮನೆತನದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಅದನ್ನು ಇಲ್ಲಿಗೆ ತಂದರು.

ಆ ಬಟ್ಟಲಲ್ಲಿ ಏನೇನು ನಡೆಯುತ್ತದೆ ಗೊತ್ತಾ? ಜಮೈಕಾದಲ್ಲಿ ಒಂದು ಪುಟ್ಟ ಏಡಿ ಇದೆ. ತಾಯಿ ತನ್ನ ಮರಿಗಳನ್ನು ಬ್ರೊಮೆಲಿಯಾಡ್ ಎಲೆಯ ನೀರಿನಲ್ಲೇ ಸಾಕುತ್ತದೆ. ಕೊಳೆಯುವ ಎಲೆಗಳನ್ನು ಎತ್ತಿ ಹೊರಗೆ ಹಾಕುತ್ತದೆ. ಖಾಲಿ ಬಸವನಹುಳುವಿನ ಚಿಪ್ಪುಗಳನ್ನು ಹುಡುಕಿ ತಂದು ನೀರಿಗೆ ಹಾಕುತ್ತದೆ. ಚಿಪ್ಪು ಕರಗಿದಾಗ ನೀರಿನ ಹುಳಿ ತಗ್ಗುತ್ತದೆ, ಮರಿಗಳ ಕವಚಕ್ಕೆ ಬೇಕಾದ ಸುಣ್ಣವೂ ಸಿಗುತ್ತದೆ. ಅಂಗೈಯಷ್ಟೂ ಇಲ್ಲದ ಒಂದು ಏಡಿ ಮಾಡುವ ಬಾಣಂತನ ಇದು!

ಕತ್ತಲಾಗುತ್ತಿದ್ದಂತೆ ಅತ್ತೆ ಲೈಟ್ ಹಾಕಿದರು. ಕಾಂಪೌಂಡ್ ಗೋಡೆಯಿಂದ ಒಂದು ಹಲ್ಲಿ ಇಳಿದು ಬಂತು. ಕೆಂಪು ಎಲೆಯೊಂದರ ಅಂಚಿಗೆ ಹಿಂಗಾಲಿನಿಂದ ಅಂಟಿಕೊಂಡು, ತಲೆ ಕೆಳಗೆ ಮಾಡಿ ನೀರನ್ನು ನೆಕ್ಕತೊಡಗಿತು. ಗುಲಾಬಿ ನಾಲಿಗೆ ಹೊರಗೆ, ಒಳಗೆ. ಕೊನೆಗೆ ಅದೇ ನಾಲಿಗೆಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡಿತು. ಅದಕ್ಕೆ ರೆಪ್ಪೆ ಇಲ್ಲ, ಅದಕ್ಕೇ ಈ ಉಪಾಯ. ಕಾಲು ಮಾತ್ರ ನೀರಿಗೆ ಇಡಲಿಲ್ಲ. ಪಾದ ಚೆನ್ನಾಗಿ ನೆನೆದರೆ ಹಲ್ಲಿಯ ಹಿಡಿತ ಸಡಿಲಾಗುತ್ತದೆ.

ಆ ಹಿಡಿತವೂ ರೋಮದ್ದೇ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ರೋಮಗಳಿವೆ. ಪ್ರತಿ ರೋಮದ ತುದಿ ನೂರಾರು ಎಳೆಗಳಾಗಿ ಸೀಳಿಕೊಂಡಿದೆ. ಆ ಎಳೆಯ ತುದಿ ನಮ್ಮ ತಲೆಗೂದಲಿಗಿಂತ ನೂರಾರು ಪಟ್ಟು ಸಣ್ಣದು. ಅಷ್ಟು ಹತ್ತಿರ ಹೋದಾಗ ಗೋಡೆಯ ಅಣುಗಳಿಗೂ ಪಾದದ ಅಣುಗಳಿಗೂ ನಡುವೆ ಒಂದು ದುರ್ಬಲ ಸೆಳೆತ ಹುಟ್ಟುತ್ತದೆ. ಒಂದೊಂದೇ ಲೆಕ್ಕಕ್ಕಿಲ್ಲ, ಲಕ್ಷಾಂತರ ಸೇರಿದರೆ ಮೈಭಾರ ಹೊರುತ್ತವೆ. ಅಂಟೂ ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. 2002ರಲ್ಲಿ ಜೀವವಿಜ್ಞಾನಿ ಕೆಲರ್ ಆಟಮ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಒಂದು ರೋಮ ನೀರು ಹೀರಲು, ಇನ್ನೊಂದು ಗೋಡೆ ಹಿಡಿಯಲು. ಎರಡೂ ಒಂದೇ ಎಲೆಯ ಮೇಲೆ ಎದುರಾಗಿದ್ದವು!

ರಾತ್ರಿಯ ವಿಷಯದಲ್ಲೂ ಗಿಡ, ಹಲ್ಲಿ ಇಬ್ಬರೂ ಜೊತೆ. ಹಗಲು ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ ಅಲ್ವಾ? ಅದಕ್ಕೇ ಅನೇಕ ಬ್ರೊಮೆಲಿಯಾಡ್‌ಗಳು ರಾತ್ರಿ ರಂಧ್ರ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಬಾಯಿ ಮುಚ್ಚಿಕೊಂಡೇ ಅಡುಗೆ. ನಮ್ಮ ಕಡೆಯವರೂ ಬೇಸಿಗೆಯಲ್ಲಿ ಹೊಲದ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸುತ್ತಾರೆ.

ಎಲ್ಲ ಹಲ್ಲಿಗಳೂ ರಾತ್ರಿಯವಲ್ಲ. ಹೊಳೆಯಾಚೆ ಹಂಪಿಯ ಬಂಡೆಗಳಲ್ಲಿ ಹಗಲು ಓಡಾಡುವ ಪುಟ್ಟ ಹಲ್ಲಿಯೊಂದಿದೆ. ಕಣ್ಣಿನ ಪಾಪೆ ದುಂಡಗೆ, ನಮ್ಮದರ ಹಾಗೆ. 2015ರಲ್ಲಷ್ಟೇ ವಿಜ್ಞಾನ ಅದನ್ನು ಹೊಸ ಜಾತಿ ಎಂದು ಗುರುತಿಸಿ ನೆಮಾಸ್ಪಿಸ್ ಆದಿಯೈ ಎಂದು ಹೆಸರಿಟ್ಟಿತು. ಲಕ್ಷಾಂತರ ಜನ ಆ ಬಂಡೆಗಳ ಮುಂದೆ ಫೋಟೊ ತೆಗೆಸಿಕೊಂಡಿದ್ದಾರೆ. ಅದು ಅಲ್ಲೇ ಇತ್ತು.

ಹಲ್ಲಿ ಅಂದರೆ ವಿಷ ಎಂಬ ಭಯ ಬಿಡಿ. ನಮ್ಮ ಮನೆಯ ಹಲ್ಲಿಗಳಲ್ಲಿ ವಿಷ ಇಲ್ಲ. ಆದರೆ ಅವುಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆದ್ದರಿಂದ ಹಲ್ಲಿ ಬಿದ್ದ ಹಾಲನ್ನು ಚೆಲ್ಲುವುದೇ ಸರಿ. ಜಾಸ್ತಿ ಎಚ್ಚರ ಬೇಕಾದದ್ದು ಸೊಳ್ಳೆಯ ಬಗ್ಗೆ. ಡೆಂಗಿ ಹರಡುವ ಸೊಳ್ಳೆ ಒಂದು ವಾರ, ಹತ್ತು ದಿನ ನಿಂತ ನೀರಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆದುಬಿಡುತ್ತದೆ. ಅತ್ತೆ ವಾರಕ್ಕೆ ಎರಡು ಸಲ ಕುಂಡ ಬಾಗಿಸಿ ಹಳೇ ನೀರು ಚೆಲ್ಲಿ, ಹೊಸದು ತುಂಬುತ್ತಾರೆ. ಬಾಗಿಸುವ ಮುಂಚೆ ಬೆರಳಿನಿಂದ ಎರಡು ಸಲ ಕುಂಡ ತಟ್ಟುತ್ತಾರೆ. ಒಳಗಿದ್ದ ಹಲ್ಲಿ ಗೋಡೆಗೆ ಹಾರಲು ಅಷ್ಟು ಹೊತ್ತು ಸಾಕು.