ಶೂಟಿಂಗ್ ನೋಡದೆ ಕೇಳಿಸಿಕೊಂಡ ನಿರ್ದೇಶಕ

ನಾಟಕವೊಂದನ್ನು ಸಿನಿಮಾ ಮಾಡೋಣ ಅಂತ ಯಾರೇ ಬರಲಿ, ಮೊದಲು ಕೇಳಿಬರುವ ಮಾತು ಒಂದೇ: ಡೈಲಾಗ್ ಜಾಸ್ತಿ ಆಯ್ತು, ಕತ್ತರಿಸಿ. ರಂಗಭೂಮಿಗೂ ಸಿನಿಮಾಕ್ಕೂ ಸಂಭಾಷಣೆ ಬರೆದು ಬದುಕುವ ನನಗೆ ಇದು ಅಭ್ಯಾಸವಾಗಿದೆ. ಕೆಲವೊಮ್ಮೆ ಅವರು ಹೇಳುವುದು ಸರಿಯೂ ಇರುತ್ತದೆ. ಆದರೆ ಸಿನಿಮಾದಲ್ಲಿ ಮಾತು ಕಡಿಮೆ ಇರಲೇಬೇಕು ಅನ್ನುವ ನಿಯಮವನ್ನೇ ಒಪ್ಪದೆ, ಒಪ್ಪದೆಯೂ ಗೆದ್ದ ಒಬ್ಬ ಫ್ರೆಂಚ್ ನಾಟಕಕಾರ ಇದ್ದಾನೆ. ಮಾರ್ಸೆಲ್ ಪಾನ್ಯೋಲ್.

ಹುಟ್ಟಿದ್ದು 1895ರಲ್ಲಿ, ದಕ್ಷಿಣ ಫ್ರಾನ್ಸಿನ ಬಂದರು ನಗರ ಮಾರ್ಸೇ ಪಕ್ಕದ ಓಬಾನ್ ಊರಲ್ಲಿ. ಅಪ್ಪ ಶಾಲಾ ಮೇಷ್ಟ್ರು, ಮಗನೂ ಇಂಗ್ಲಿಷ್ ಮೇಷ್ಟ್ರಾದ. ಪ್ಯಾರಿಸ್ಸಿಗೆ ವರ್ಗವಾದ ಮೇಲೆ ನಾಟಕದ ಹುಚ್ಚು ಹೆಚ್ಚಾಗಿ ಕೆಲಸ ಬಿಟ್ಟ. 1928ರಲ್ಲಿ 'ತೋಪಾಜ್' ಬಂತು. ಪ್ರಾಮಾಣಿಕ ಮೇಷ್ಟ್ರೊಬ್ಬ ಭ್ರಷ್ಟರ ಕೈಗೆ ಸಿಕ್ಕಿ ಕೊನೆಗೆ ಅವರನ್ನೇ ಮೀರಿಸುವ ಕತೆ. ಜನ ಮುಗಿಬಿದ್ದು ನೋಡಿದರು. ಮರುವರ್ಷ 'ಮಾರಿಯುಸ್'. ಮಾರ್ಸೇಯ ಹಳೆ ಬಂದರಿನ ಒಂದು ಬಾರು, ಅದರ ಮಾಲೀಕ ಸೆಜಾರ್, ಸಮುದ್ರದ ಸೆಳೆತಕ್ಕೆ ಸಿಕ್ಕಿದ ಅವನ ಮಗ, ಆ ಮಗನನ್ನು ಪ್ರೀತಿಸುವ ಫಾನಿ. ದಕ್ಷಿಣದ ಆ ಎಳೆದು ಆಡುವ ಉಚ್ಚಾರಣೆಯನ್ನು ಪ್ಯಾರಿಸ್ಸಿನವರು ಬರೀ ತಮಾಷೆಗೆ ಬಳಸುತ್ತಿದ್ದ ಕಾಲ ಅದು. ಅದೇ ಮಾತಲ್ಲಿ ಪಾನ್ಯೋಲ್ ಅಳಿಸಿದ.

ಆ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂತು. 1929ರಲ್ಲಿ ಲಂಡನ್ನಿನಲ್ಲಿ ಟಾಕಿ ನೋಡಿ ಬಂದವನಿಗೆ ತಲೆ ತಿರುಗಿಹೋಯಿತು. ಇನ್ನು ನಾಟಕದ ಭವಿಷ್ಯ ಇದರಲ್ಲೇ ಇದೆ, ಟಾಕಿ ಅಂದರೆ ನಾಟಕವನ್ನು ಅಚ್ಚು ಹಾಕಿ ಊರೂರಿಗೆ ಹಂಚುವ ವಿದ್ಯೆ ಅಂತ ಬರೆದೇಬಿಟ್ಟ. ಸಿನಿಮಾದವರು ಕೆರಳಿದರು. ರೆನೆ ಕ್ಲೇರ್‌ನಂಥ ನಿರ್ದೇಶಕರಿಗೆ ಇದ್ದ ಭಯವೇ ಇದು: ಮಾತು ಬಂದರೆ ಸಿನಿಮಾ ಸತ್ತು, ಡಬ್ಬಿಯಲ್ಲಿ ತುಂಬಿಟ್ಟ ನಾಟಕ ಆಗಿಹೋಗುತ್ತದೆ ಅಂತ.

ಪಾನ್ಯೋಲ್‌ನ ವಾದ ಒರಟು ಅನ್ನಿಸಬಹುದು, ಆದರೆ ಅದರೊಳಗೆ ಕಸುಬು ಗೊತ್ತಿದ್ದವನ ಎರಡು ಮಾತುಗಳಿವೆ. ಒಂದು, ಥಿಯೇಟರಿನಲ್ಲಿ ಸಾವಿರ ಜನ ಕೂತರೆ ಸಾವಿರ ಬೇರೆ ಬೇರೆ ಜಾಗದಿಂದ ನೋಡುತ್ತಾರೆ, ಪರದೆಯ ಮುಂದೆ ಎಲ್ಲರೂ ಕ್ಯಾಮೆರಾ ಇದ್ದಲ್ಲೇ ಕೂತವರು. ಇನ್ನೊಂದು ಇದಕ್ಕಿಂತ ದೊಡ್ಡದು. ರಂಗದ ಮೇಲೆ ಪಿಸುಮಾತು ಕೂಡ ಕೊನೆಯ ಸಾಲಿಗೆ ಮುಟ್ಟಬೇಕು, ಅಂದರೆ ಅದು ಪಿಸುಮಾತಿನ ನಟನೆ ಅಷ್ಟೇ, ಅಲ್ವಾ? ಮೈಕ್ ಬಂದ ಮೇಲೆ ನಿಜವಾಗಿಯೂ ಪಿಸುಗುಟ್ಟುವ ದೃಶ್ಯ ಬರೆಯಬಹುದು. ಬರೆಯುವವನಿಗೆ ಇದರಿಂದ ಎಷ್ಟು ಬದಲಾಗುತ್ತದೆ ಅಂದರೆ, ವಾಕ್ಯದ ಉದ್ದ, ಉಸಿರು, ಮಾತು ಎಲ್ಲಿ ತುಂಡಾಗಬೇಕು ಅನ್ನುವುದೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು.

'ಮಾರಿಯುಸ್' 1931ರಲ್ಲಿ ಪ್ಯಾರಾಮೌಂಟ್ ಕಂಪನಿಗಾಗಿ ಸಿನಿಮಾ ಆಯಿತು, ನಿರ್ದೇಶನ ಅಲೆಕ್ಸಾಂಡರ್ ಕೋರ್ಡಾ. ರಂಗದ ಮೇಲೆ ಆಡಿದವರೇ ಬೇಕು ಅಂತ ಪಾನ್ಯೋಲ್ ಹಟ ಹಿಡಿದ. ಹಾಗಾಗಿ ರೆಮ್ಯು, ಪಿಯೆರ್ ಫ್ರೆನೆ, ಒರಾನ್ ದೆಮಾಜಿ ಪರದೆಗೂ ಬಂದರು. 1932ರಲ್ಲಿ ಅದೇ ಕತೆಯ ಮುಂದಿನ ಭಾಗ 'ಫಾನಿ'. ಮೂರನೆಯದು 'ಸೆಜಾರ್', 1936ರಲ್ಲಿ ಆತನೇ ನಿರ್ದೇಶಿಸಿದ. ಇದನ್ನು ನೇರವಾಗಿ ಸಿನಿಮಾಕ್ಕೇ ಬರೆದ, ನಾಟಕವಾಗಿ ರಂಗಕ್ಕೆ ತಂದದ್ದು ಹತ್ತು ವರ್ಷದ ನಂತರ. (ಅಮೆರಿಕದ ಬರ್ಕ್ಲಿಯಲ್ಲಿ 'ಶೆ ಪಾನಿಸ್' ಅಂತ ಹೆಸರುವಾಸಿ ಹೋಟೆಲ್ ಇದೆ. ಈ ಕತೆಯಲ್ಲಿ ಫಾನಿಯನ್ನು ಮದುವೆಯಾಗುವ ವಯಸ್ಸಾದ ವ್ಯಾಪಾರಿ ಪಾನಿಸ್‌ನ ಹೆಸರೇ ಅದಕ್ಕೆ ಇಟ್ಟದ್ದು.)

ತಮಾಷೆ ಏನು ಗೊತ್ತಾ? ಬರೀ ನಾಟಕ ಅಚ್ಚು ಹಾಕುತ್ತೇನೆ ಅಂದವನು ತನ್ನದೇ ಸ್ಟುಡಿಯೋ ಕಟ್ಟಿಕೊಂಡ ಮೇಲೆ ಮಾಡಿದ್ದು ನಾಟಕದವರು ಮಾಡಲಾಗದ ಕೆಲಸ. ಕ್ಯಾಮೆರಾ, ಮೈಕ್, ಸೌಂಡ್ ಟ್ರಕ್ ಎಲ್ಲ ಹೊತ್ತು ತನ್ನ ದಕ್ಷಿಣದ ಸೀಮೆ ಪ್ರೊವಾನ್ಸಿನ ಬೆಟ್ಟಗಳಿಗೆ ಹೋದ. 1934ರ 'ಅಂಜೆಲ್'ಗಾಗಿ ಒಂದು ತೋಟದಮನೆಯನ್ನು, 1937ರ 'ರೆಗೇನ್'ಗಾಗಿ ಬೆಟ್ಟದ ತಲೆಯ ಮೇಲೆ ಒಂದು ಪಾಳು ಹಳ್ಳಿಯನ್ನೇ ಗಾರೆ ಕೆಲಸದವರಿಂದ ಕಲ್ಲಿನಲ್ಲಿ ಕಟ್ಟಿಸಿದ. ಎರಡೂ ಜ್ಯಾಂ ಜಿಯೊನೊ ಬರೆದ ಕತೆಗಳು. ಗಾಳಿ, ಜೀರುಂಡೆ, ನಟನ ದನಿ ಎಲ್ಲ ಒಟ್ಟಿಗೇ ರೆಕಾರ್ಡ್. ಶಾಟ್ ನಡೆಯುವಾಗ ಪಾನ್ಯೋಲ್ ಎಷ್ಟೋ ಸಲ ಕ್ಯಾಮೆರಾ ಪಕ್ಕದಲ್ಲಿ ಇರುತ್ತಿರಲಿಲ್ಲ, ಸೌಂಡ್ ಟ್ರಕ್ಕಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಮಾತು ಕಿವಿಗೆ ಸರಿ ಬಿತ್ತಾ, ಶಾಟ್ ಓಕೆ. ಚೌಕಟ್ಟಿನ ಅಂದ ನೋಡುವವರಿಗೆ ಇದು ಸೋಮಾರಿತನ ಅನ್ನಿಸಬಹುದು. ಆತನ ಕೆಲವು ಶಾಟ್‌ಗಳು ಸುಮ್ನೆ ನಿಂತುಬಿಡುವುದೂ ನಿಜ. ಆದರೆ ಡಬ್ಬಿಂಗ್ ಕೋಣೆಯಲ್ಲಿ ಒಳ್ಳೆಯ ಸಾಲುಗಳು ಸಪ್ಪೆಯಾಗಿ ಹೋಗುವುದನ್ನು ನೋಡಿರುವ ನನಗೆ ಆ ಹಟ ಅರ್ಥವಾಗುತ್ತದೆ.

1938ರ 'ಬೇಕರಿಯವನ ಹೆಂಡತಿ' ನೋಡಿ. ಹೆಂಡತಿ ಕುರುಬನೊಬ್ಬನ ಜೊತೆ ಓಡಿಹೋಗುತ್ತಾಳೆ, ಬೇಕರಿಯವ ರೊಟ್ಟಿ ಸುಡುವುದನ್ನೇ ನಿಲ್ಲಿಸುತ್ತಾನೆ. ಹೊಟ್ಟೆಗೆ ಬಂತು ನೋಡಿ, ಆಗ ಇಡೀ ಊರು ಒಂದಾಗಿ ಅವಳನ್ನು ಹುಡುಕಲು ಹೊರಡುತ್ತದೆ. ಅವಳು ತಿರುಗಿ ಬಂದಾಗ ಬೇಕರಿಯವನಾಗಿ ರೆಮ್ಯು ಒಂದು ಕೆಟ್ಟ ಮಾತೂ ಆಡುವುದಿಲ್ಲ. ಅದೇ ಹೊತ್ತಿಗೆ ಮನೆ ಬಿಟ್ಟು ಹೋಗಿದ್ದ ಹೆಣ್ಣುಬೆಕ್ಕೂ ಬಂದಿರುತ್ತದೆ. ಬೈಗುಳವೆಲ್ಲ ಆ ಬೆಕ್ಕಿಗೆ. ಪಾಪದ ಗಂಡುಬೆಕ್ಕನ್ನು ಬಿಟ್ಟು ಹೋದೆಯಲ್ಲ ಅಂತ ಕೂಗಾಡುತ್ತಾನೆ, ಹೆಂಡತಿ ಕೇಳಿಸಿಕೊಳ್ಳುತ್ತಾಳೆ. ಹೊಸದಾಗಿ ಸಂಭಾಷಣೆ ಬರೆಯುವವರಿಗೆ ನಾನು ಈ ದೃಶ್ಯ ತೋರಿಸುತ್ತೇನೆ. ಮಾತು ಹೇರಳವಾಗಿದೆ, ಹೇಳಬೇಕಾದ್ದನ್ನು ಮಾತ್ರ ನೇರವಾಗಿ ಹೇಳಿಲ್ಲ.

1946ರಲ್ಲಿ ಫ್ರೆಂಚ್ ಭಾಷೆಯ ದೊಡ್ಡ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ಪಾನ್ಯೋಲ್‌ನನ್ನು ಸದಸ್ಯನಾಗಿ ಆರಿಸಿತು, ಸಿನಿಮಾ ನಿರ್ದೇಶಕನೊಬ್ಬನಿಗೆ ಅದು ಮೊದಲ ಸಲ. ರೆನೆ ಕ್ಲೇರ್ 1960ರಲ್ಲಿ ಅಲ್ಲಿಗೇ ಬಂದ! 1955ರಲ್ಲಿ 'ಜ್ಯೂಡಾ', ಮರುವರ್ಷ 'ಫಾಬಿಯೆನ್' ಅಂತ ಪಾನ್ಯೋಲ್ ಮತ್ತೆ ನಾಟಕ ಆಡಿಸಿದ, ಎರಡೂ ಓಡಲಿಲ್ಲ. ರಂಗ ಕೈಬಿಟ್ಟಾಗ ಗದ್ಯ ಕೈಹಿಡಿಯಿತು. ಬಾಲ್ಯದ ನೆನಪುಗಳನ್ನು 1957ರಿಂದ ಪುಸ್ತಕವಾಗಿ ತಂದ. 1952ರ ತನ್ನ ಮೂರು ಗಂಟೆ ಮೀರಿದ ಸಿನಿಮಾ 'ಮನೋನ್'ನ ಕತೆಯನ್ನೇ ಹಿಗ್ಗಿಸಿ 1963ರಲ್ಲಿ ಎರಡು ಭಾಗದ ಕಾದಂಬರಿ ಮಾಡಿದ. ಅದನ್ನು ಕ್ಲೋದ್ ಬೆರಿ 1986ರಲ್ಲಿ ಮತ್ತೆ ಎರಡು ಸಿನಿಮಾ ಮಾಡಿದ. ಹೊರಗಿನವರಿಗೆ ಹೆಚ್ಚು ಗೊತ್ತಿರುವುದು ಇವೇ. ನೋಡಲು ಬಲು ಚೆಂದ, ಆದರೆ ನನ್ನ ಕೇಳಿದರೆ ಬೇಕರಿಯವನಿಂದ ಶುರು ಮಾಡಿ, ಆಮೇಲೆ ಬಂದರಿನ ಮೂರನ್ನು ಕ್ರಮವಾಗಿ ನೋಡಿ. ಸಬ್‌ಟೈಟಲ್ ಓದುತ್ತಾ ಒಂದು ಸಲ, ಓದದೆ ಇನ್ನೊಂದು ಸಲ.