ಗೋಡೆಯೊಳಗೆ ಹರಿದ ಉಪ್ಪುನೀರು

ನ್ಯೂಯಾರ್ಕಿನ ಅನ್ಸೋನಿಯಾ ಕಟ್ಟಡದ ಬಗ್ಗೆ ಬರೆಯುವವರು ಒಂದು ಮಾತನ್ನು ಬಿಡದೆ ಹೇಳುತ್ತಾರೆ. ಬೇಸಿಗೆಯಲ್ಲಿ ಅದರ ಗೋಡೆಗಳೊಳಗೆ 'ಹೆಪ್ಪುಗಟ್ಟಿದ ಉಪ್ಪುನೀರು' ಪಂಪ್ ಮಾಡಿ ಕೋಣೆಗಳನ್ನು ತಂಪಾಗಿಡುತ್ತಿದ್ದರಂತೆ. ಇದನ್ನು ಓದಿದಾಗಲೆಲ್ಲ ನನಗೆ ರೇಗುತ್ತದೆ. ಹೆಪ್ಪುಗಟ್ಟಿದ್ದನ್ನು ಪಂಪ್ ಮಾಡೋದು ಹೇಗೆ ಸ್ವಾಮಿ? ಹೆಪ್ಪುಗಟ್ಟದಿರಲಿ ಅಂತಲೇ ಅಲ್ಲವೇ ನೀರಿಗೆ ಉಪ್ಪು ಸುರಿದದ್ದು!

ಬ್ರಾಡ್‌ವೇ ರಸ್ತೆಯಲ್ಲಿ, 73 ಮತ್ತು 74ನೇ ಬೀದಿಗಳ ನಡುವೆ ಇವತ್ತಿಗೂ ನಿಂತಿರುವ ಈ 17 ಮಹಡಿಯ ಕಟ್ಟಡದ ಕೆಲಸ ಶುರುವಾದದ್ದು 1899ರಲ್ಲಿ, ಮುಗಿದದ್ದು 1904ರಲ್ಲಿ. ನಕ್ಷೆ ಪಾಲ್ ಡುಬಾಯ್‌ನದು, ದುಡ್ಡು ವಿಲಿಯಂ ಅರ್ಲ್ ಡಾಡ್ಜ್ ಸ್ಟೋಕ್ಸ್‌ನದು. ಇದು ವಸತಿ ಹೋಟೆಲು: ವರ್ಷಗಟ್ಟಲೆ ಸಂಸಾರ ಹೂಡಬಹುದು, ಊಟ-ಉಪಚಾರ ಮಾತ್ರ ಹೋಟೆಲಿನವರದು. ಇಂಥ ಕಟ್ಟಡಗಳು ಆಗ ಸಾಲಾಗಿ ಎದ್ದದ್ದಕ್ಕೆ ಶೋಕಿಯ ಜೊತೆಗೆ ಕಾನೂನಿನ ಸಂದೂ ಕಾರಣ. 1885ರ ಕಾನೂನು ಬಾಡಿಗೆ ವಠಾರಗಳ ಎತ್ತರವನ್ನು ಅಗಲ ಬೀದಿಯಲ್ಲೂ 80 ಅಡಿಗೆ ಕಟ್ಟಿಹಾಕಿತ್ತು. ಹೋಟೆಲುಗಳಿಗೆ ಆ ಮಿತಿ ಇರಲಿಲ್ಲ.

ಉಪ್ಪಿಗೆ ಬರೋಣ. ನಮ್ಮೂರಿನ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ಉಪ್ಪುನೀರಿನ ಒಂದು ದೊಡ್ಡ ತೊಟ್ಟಿ ಇತ್ತು. ಬಣ್ಣದ ಸಕ್ಕರೆನೀರು ತುಂಬಿದ ತಗಡಿನ ಅಚ್ಚುಗಳನ್ನು ಅದರಲ್ಲಿ ಇಳಿಬಿಡುತ್ತಿದ್ದರು. ಅಚ್ಚಿನೊಳಗೆ ಕ್ಯಾಂಡಿ ಕಲ್ಲಾಗುತ್ತಿತ್ತು, ಸುತ್ತಲಿನ ನೀರು ಮಾತ್ರ ತುಳುಕುತ್ತಲೇ ಇತ್ತು. ಒಮ್ಮೊಮ್ಮೆ ಕ್ಯಾಂಡಿಯ ತುದಿ ಉಪ್ಪುಪ್ಪಾಗಿರುತ್ತಿತ್ತು, ಅಚ್ಚು ತೂತಾಗಿತ್ತು ಅಂತ ಲೆಕ್ಕ.

'ಉಪ್ಪು ಹಾಕಿದರೆ ಐಸ್ ಗಟ್ಟಿಯಾಗುತ್ತೆ' ಎನ್ನುವವರು ಈಗಲೂ ಇದ್ದಾರೆ. ಪೂರಾ ಉಲ್ಟಾ. ಮಂಜುಗಡ್ಡೆಯನ್ನು ಮದುವೆ ಮನೆಯ ಪಂಕ್ತಿ ಅಂದುಕೊಳ್ಳಿ. ನೀರಿನ ಅಣುಗಳು ಸಾಲಾಗಿ ಕೂತಿವೆ. ಕೆಲವು ಏಳುತ್ತವೆ, ಕೆಲವು ಬಂದು ಕೂರುತ್ತವೆ. ಸೊನ್ನೆ ಡಿಗ್ರಿಯಲ್ಲಿ ಏಳುವವರೂ ಕೂರುವವರೂ ಸರಿಸಮ. ಈಗ ಪಂಕ್ತಿಯ ಮುಂದೆ, ಊಟಕ್ಕೆ ಕೂರದ ಜನ ಸುಮ್ಮನೆ ಬಂದು ನಿಂತರೆ? ಎದ್ದು ಹೋಗುವವರು ಹೋಗುತ್ತಲೇ ಇರುತ್ತಾರೆ, ಕೂರಲು ಬರುವವರು ಕಡಿಮೆಯಾಗುತ್ತಾರೆ, ಪಂಕ್ತಿ ಕರಗುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನ ಕಣಗಳು, ಅಂದರೆ ಅಯಾನುಗಳು, ಮಾಡುವುದು ಇದನ್ನೇ. ಲೆಕ್ಕ ಮತ್ತೆ ಸರಿಯಾಗಬೇಕಾದರೆ ಏಳುವವರೂ ಕಡಿಮೆಯಾಗಬೇಕು, ಅಂದರೆ ಚಳಿ ಏರಬೇಕು. 100 ಗ್ರಾಂ ದ್ರಾವಣದಲ್ಲಿ ಸುಮಾರು 23 ಗ್ರಾಂ ಅಡುಗೆ ಉಪ್ಪಿದ್ದರೆ ಮೈನಸ್ 21 ಡಿಗ್ರಿಯವರೆಗೂ ಅದು ನೀರಾಗಿಯೇ ಹರಿಯುತ್ತದೆ.

ಹಾಗಾದರೆ ಉಪ್ಪುನೀರನ್ನು ತಣ್ಣಗಾಗಿಸುವ ಯಂತ್ರವನ್ನೇ ಕೋಣೆಗೆ ತರಬಹುದಿತ್ತಲ್ಲ? ಆ ಕಾಲದ ದೊಡ್ಡ ಶೀತಲ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಅಮೋನಿಯ. ಮಲಗುವ ಕೋಣೆಯಲ್ಲಿ ಅದು ಸೋರಿದರೆ ಕಣ್ಣು, ಗಂಟಲು ಉರಿದುಹೋಗುತ್ತವೆ, ಜೀವಕ್ಕೂ ಸಂಚಕಾರ. ಸೋರಿದರೂ ಗೋಡೆಯಷ್ಟೇ ಹಾಳಾಗುವ ಉಪ್ಪುನೀರು ಇಲ್ಲಿ ಕ್ಯಾರಿಯರ್ ಹೊತ್ತ ಹುಡುಗನಿದ್ದಂತೆ. ಅವನು ಅಡುಗೆ ಮಾಡುವುದಿಲ್ಲ, ಬಿಸಿ ಇರುವಾಗಲೇ ಮನೆ ಮುಟ್ಟಿಸುತ್ತಾನೆ. ಇವನು ಮುಟ್ಟಿಸುವುದು ತಂಪನ್ನು, ವಾಪಸು ಹೊತ್ತೊಯ್ಯುವುದು ಕೋಣೆಯ ಸೆಕೆಯನ್ನು.

ಒಂದೇ ಕೊರತೆ: ತಣ್ಣನೆಯ ಕೊಳವೆ ಬೆವರುತ್ತದೆ, ಗಾಳಿಯ ತೇವವನ್ನು ಹದದಲ್ಲಿಡುವ ಉಪಾಯ ಅದಕ್ಕೆ ಗೊತ್ತಿಲ್ಲ. ಆ ತೇವದ ಒಗಟನ್ನು 1902ರಲ್ಲಿ ಪಕ್ಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಬಿಡಿಸಿದವನು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್. ಅವನ ಚಿಂತೆ ಜನರ ಸೆಕೆಯಲ್ಲ, ತೇವಕ್ಕೆ ಉಬ್ಬಿ ಬಣ್ಣ ತಪ್ಪಿಸುತ್ತಿದ್ದ ಕಾಗದ!

ಅನ್ಸೋನಿಯಾದ ದಪ್ಪ ಗೋಡೆಗಳನ್ನು ಕಟ್ಟಿದ್ದು ಬೆಂಕಿಯ ಭಯಕ್ಕೆ. ಅವು ಸದ್ದನ್ನೂ ತಡೆದದ್ದರಿಂದ ಟೊಸ್ಕನಿನಿಯಂಥ ಸಂಗೀತಗಾರರು ಬಂದು ನೆಲೆಸಿದರು. ಸ್ಟೋಕ್ಸ್‌ಗೆ ಅಷ್ಟಕ್ಕೇ ತೃಪ್ತಿಯಿಲ್ಲ. ತಾರಸಿಯಲ್ಲಿ ಸುಮಾರು 500 ಕೋಳಿ, ಬಾತು, ಮೇಕೆ, ಒಂದು ಕರಡಿಮರಿ ಕೂಡ. ಬಾಡಿಗೆದಾರರ ಬಾಗಿಲಿಗೆ ತಾಜಾ ಮೊಟ್ಟೆ ಬರುತ್ತಿತ್ತು. 1907ರಲ್ಲಿ ನಗರದ ಆರೋಗ್ಯ ಇಲಾಖೆ ಆ ತಾರಸಿ ಫಾರ್ಮಿಗೆ ಬೀಗ ಹಾಕಿಸಿತು. ಕೆಳಗೆ ಲಾಬಿಯ ಕಾರಂಜಿಯಲ್ಲಿ ಜೀವಂತ ಸೀಲ್‌ಗಳೂ ಇದ್ದವು: ಕಡಲ ಪ್ರಾಣಿ ಕಾರಂಜಿಯಲ್ಲಿ, ಉಪ್ಪುನೀರು ಗೋಡೆಯಲ್ಲಿ.