ಕುಂಬಳದ ಪಾಠ: ಹೂವಿಗೂ ಕಾಯಿಗೂ ನಡುವೆ ಏನಾಗುತ್ತದೆ?

ಕುಂಬಳ ಬೆಳೆಯುವ ಬಗೆಯನ್ನು ಪುಟ್ಟ ಮಕ್ಕಳಿಗೆ ಹೇಳುವಾಗ ಬೀಜ, ಮೊಳಕೆ, ಬಳ್ಳಿ, ಹೂ, ಕಾಯಿ ಎಂದು ಐದು ಚಿತ್ರ ತೋರಿಸಿ ಮುಗಿಸುವುದೇ ಹೆಚ್ಚು. ಹೂ ಹೇಗೆ ಕಾಯಿಯಾಯಿತು ಎಂಬುದು ಅಲ್ಲಿ ಬಿಟ್ಟೇ ಹೋಗುತ್ತದೆ. ಪಾಠದ ತಿರುಳಿರುವುದು ಅಲ್ಲೇ. ಐದಾರು ವರ್ಷದ ಮಗುವೂ ಅದನ್ನು ಕೈಯಾರೆ ಮಾಡಿ ನೋಡಬಹುದು.

ಬಿತ್ತಲು ಬಲಿತ ಹಣ್ಣಿನಿಂದ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿದ ದಪ್ಪ ಬೀಜ ಬೇಕು. ಹುರಿದದ್ದು ಮೊಳೆಯುವುದಿಲ್ಲ. ಮಗುವಿನ ಬೆರಳಿನ ಒಂದು ಗೆಣ್ಣಿನಷ್ಟು, ಅಂದರೆ ಸುಮಾರು 2 ಸೆಂ.ಮೀ. ಆಳ ಸಾಕು. ಮಣ್ಣು 25–30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ವಾರದಲ್ಲಿ ಮೊಳಕೆ ಕಾಣುತ್ತದೆ. ಬೀಜ ಕೆಡುವುದು ಹೆಚ್ಚಾಗಿ ಅತಿ ನೀರಿನಿಂದ: ಮಣ್ಣಿನಲ್ಲಿ ಗಾಳಿಯಾಡದೆ ಅದು ಕೊಳೆಯುತ್ತದೆ. ಬೆರಳಿಟ್ಟು ನೋಡಿ, ತೇವವಿದ್ದರೆ ಆ ದಿನ ನೀರು ಬೇಡ ಎಂಬ ನಿಯಮವನ್ನು ಮಕ್ಕಳು ಚೆನ್ನಾಗಿಯೇ ಪಾಲಿಸುತ್ತಾರೆ.

ಒಂದೆರಡು ಬೀಜವನ್ನು ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಅಡ್ಡಡ್ಡ ಮಲಗಿಸಿ, ಮೇಲೂ ಒದ್ದೆ ಬಟ್ಟೆ ಮುಚ್ಚಿಡಿ. ಚೂಪು ತುದಿಯಿಂದ ಬೇರು ಇಳಿಯುತ್ತದೆ. ಆಮೇಲೆ ಬೇರು-ಕಾಂಡ ಕೂಡುವೆಡೆಯಲ್ಲಿ ಪುಟ್ಟದೊಂದು ಗೂಟದಂಥ ಉಬ್ಬು ಏಳುತ್ತದೆ. ಅದು ಸಿಪ್ಪೆಯ ಕೆಳ ಅಂಚನ್ನು ಒತ್ತಿ ಹಿಡಿದಿರುವಾಗ ಕಾಂಡ ಸೆಟೆದು ಬೀಜದಳಗಳನ್ನು ಹೊರಗೆಳೆಯುತ್ತದೆ. ಚಾರ್ಲ್ಸ್ ಡಾರ್ವಿನ್ 1880ರಲ್ಲೇ ಇದನ್ನು ವಿವರಿಸಿದ್ದರು. ಭೂತಗನ್ನಡಿ ಇದ್ದರೆ ತಪ್ಪದೆ ತೋರಿಸಿ.

ಬಳ್ಳಿಗೆ ಹಬ್ಬಲು ಎರಡು ಮೀಟರ್ ಜಾಗ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು, ಕಳಿತ ಗೊಬ್ಬರ ಬೇಕು. ಕಾಗದದ ಲೋಟದಲ್ಲೇ ಬಿಟ್ಟರೆ ಕಾಯಿಯ ಮಾತೇ ಇಲ್ಲ.

ಆರೆಂಟು ವಾರಕ್ಕೆ ಹೂ ಶುರು. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂ: ಉದ್ದ, ಸಪೂರ ತೊಟ್ಟು, ನಡುವೆ ಹಳದಿ ಪರಾಗ ಮೆತ್ತಿದ ಒಂದೇ ಕಂಬ. ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಎಸಳುಗಳ ಕೆಳಗೆ ಆಗಲೇ ಗೋಲಿಯಷ್ಟು ಹೀಚು ಇರುತ್ತದೆ. ಕಾಯಿ ಆಗಲೇ ಬಂದುಬಿಟ್ಟಿದೆ ಎಂದು ಮಕ್ಕಳು ಹೇಳುತ್ತಾರೆ. ಅದು ನಿಲ್ಲುತ್ತದೋ ಉದುರುತ್ತದೋ ಎಂಬುದನ್ನು ಹೀಗೆ ಪರೀಕ್ಷಿಸಬಹುದು.

ತುದಿ ಹಳದಿಯಾದ ಮೊಗ್ಗು ಮರುದಿನ ಅರಳುವಂಥದ್ದು. ಹಿಂದಿನ ಸಂಜೆಯೇ ಅಂಥ ಎರಡು ಹೆಣ್ಣು ಮೊಗ್ಗು, ಒಂದು ಗಂಡು ಮೊಗ್ಗಿನ ತುದಿಗಳನ್ನು ದಾರದಿಂದ ಕಟ್ಟಿ, ಜೇನ್ನೊಣ ಒಳಹೋಗದಿರಲಿ. ಬೆಳಿಗ್ಗೆ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ಸುಲಿದು, ಆ ಕಂಬವನ್ನು ಒಂದು ಹೆಣ್ಣು ಹೂವಿನ ನಡುವಣ ಗಂಟಿಗೆ ಸುತ್ತಲೂ ಸವರಿ ಮತ್ತೆ ಕಟ್ಟಿ. ಇನ್ನೊಂದನ್ನು ಬಿಚ್ಚಲೇಬೇಡಿ. ತೊಟ್ಟುಗಳಿಗೆ ಬೇರೆ ಬೇರೆ ಬಣ್ಣದ ನೂಲಿರಲಿ. ವಾರದಲ್ಲಿ ಮೊದಲನೆಯದು ಉಬ್ಬುತ್ತದೆ, ಎರಡನೆಯದು ಹಳದಿಯಾಗಿ ಬೀಳುತ್ತದೆ. ಹೂ ಅರಳಿರುವುದು ಒಂದೇ ಬೆಳಿಗ್ಗೆ. ಹತ್ತು ಗಂಟೆಗೆ ಪಾಠ ಇಟ್ಟರೆ ಕೈತಪ್ಪಬಹುದು. ಸವರಿದ್ದೂ ಉದುರಿದರೆ ಪರಾಗ ಮಳೆಗೆ ನೆನೆದಿರಬಹುದು, ಇಲ್ಲವೇ ಬಳ್ಳಿ ಈಗಾಗಲೇ ಸಾಕಷ್ಟು ಕಾಯಿ ಹೊತ್ತಿರಬಹುದು. ಹಾಗಾಗಿ ನಾಲ್ಕೈದು ಹೂಗಳಲ್ಲಿ ಮಾಡುವುದು ಲೇಸು.

ಕಾಯಿ ಮುಷ್ಟಿಗಿಂತ ತುಸು ದೊಡ್ಡದಾದಾಗ ಮೊಳೆಯಿಂದ ಸಿಪ್ಪೆಯ ಮೇಲೆ ಮಗುವಿನ ಹೆಸರನ್ನು ತೆಳುವಾಗಿ ಗೀಚಿಸಿ. ಗಾಯ ಮಾಯ್ದು ಅಕ್ಷರಗಳೂ ಕಾಯಿಯೊಂದಿಗೆ ಹಿಗ್ಗುತ್ತವೆ. ಆಳಕ್ಕೆ ಗೀಚಿದರೆ ಕೊಳೆಯುತ್ತದೆ. ಎಲೆಯ ಮೇಲೆ ಬಿಳಿ ಪುಡಿ ಕಂಡು, ಬೆರಳಿಗೆ ಅಂಟಿದರೆ ಅದು ಬೂದಿರೋಗ. ಆ ಎಲೆ ತೆಗೆದುಬಿಡಿ. ನರಗಳ ಬದಿಯಲ್ಲಿ ಒರೆಸಿದರೂ ಹೋಗದ ಬೆಳ್ಳಿ ಮಚ್ಚೆ ಕೆಲವು ತಳಿಗಳಿಗೆ ಸಹಜ.

ಪರಾಗಸ್ಪರ್ಶವಾಗಿ ಸುಮಾರು 45–55 ದಿನಕ್ಕೆ ತೊಟ್ಟು ಒಣಗಿ, ಸಿಪ್ಪೆಗೆ ಉಗುರು ನಾಟದಂತಾದಾಗ ಕೊಯ್ಯಿರಿ. ಹೆಚ್ಚಿದ ಮೇಲೆ ಬೀಜ ಎಣಿಸಲು ಮಕ್ಕಳನ್ನೇ ಕೂರಿಸಿ: ಒಂದೊಂದು ಗಟ್ಟಿ ಬೀಜದ ಹಿಂದೆಯೂ ಒಂದು ಪರಾಗಕಣವಿದೆ. ಕಟ್ಟಿಟ್ಟು ಸವರಿದ ಹೂವಿನ ಕಾಯಿಯ ಬೀಜವನ್ನೇ ಮುಂದಿನ ಬಿತ್ತನೆಗೆ ಇಡಿ. ಜೇನ್ನೊಣ ಬೇರೆ ತಳಿಯ ಪರಾಗ ತಂದಿದ್ದರೆ ಈ ಸಲದ ಕಾಯಿಯಲ್ಲಿ ಅದು ಕಾಣುವುದಿಲ್ಲ, ಆ ಬೀಜದಿಂದ ಹುಟ್ಟಿದ ಬಳ್ಳಿಯ ಕಾಯಿಯಲ್ಲಿ ಕಾಣುತ್ತದೆ.